ತಲಾ ಆದಾಯದ ಏರಿಕೆ: ಅಂಶದ ಪಾಲೆಷ್ಟು, ಛೇದದ ಪಾಲೆಷ್ಟು?

2014-15ರಲ್ಲಿ 86,647 ರೂಪಾಯಿ ಇದ್ದ ಭಾರತೀಯರ ತಲಾ ಆದಾಯ 2022-23ರ ಹೊತ್ತಿಗೆ 1,72,000 ರೂಪಾಯಿ ಮುಟ್ಟಿದೆ, ಅಂದರೆ ಎಂಟು ವರ್ಷಗಳಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ ಎಂಬ ಸುದ್ದಿ 2023ರ ಮಾರ್ಚ್‌ನಲ್ಲಿ ದೇಶದ ಬಹುತೇಕ ಪತ್ರಿಕೆಗಳಲ್ಲಿ ಬಂತು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಅಂಕಿಗಳನ್ನೇ ಆಧರಿಸಿದ ಇನ್ನೊಂದು ಸಾಲು ಅದೇ ವರದಿಯ ಕೆಳಭಾಗದಲ್ಲಿತ್ತು. 2011-12ರ ಸ್ಥಿರ ಬೆಲೆಗಳಲ್ಲಿ ನೋಡಿದರೆ ಅದೇ ಅವಧಿಯಲ್ಲಿ ತಲಾ ಆದಾಯ 72,805 ರೂಪಾಯಿಯಿಂದ 98,118 ರೂಪಾಯಿಗೆ, ಅಂದರೆ ಶೇ 35ರಷ್ಟು ಮಾತ್ರ ಏರಿತ್ತು. ರಾಜಕೀಯ ವೇದಿಕೆಗಳಲ್ಲಿ ಒಂದು ಪಕ್ಷ ಮೊದಲ ಸಾಲನ್ನೂ ಇನ್ನೊಂದು ಪಕ್ಷ ಎರಡನೆಯ ಸಾಲನ್ನೂ ಓದಿ ಹೇಳಿದ್ದು ನಿರೀಕ್ಷಿತವೇ ಆಗಿತ್ತು.

ಎರಡು ಲೆಕ್ಕಗಳಲ್ಲಿ ಯಾವುದೂ ಸುಳ್ಳಲ್ಲ. ಮೊದಲನೆಯದನ್ನು ಆಯಾ ವರ್ಷದ ಚಾಲ್ತಿ ಬೆಲೆಗಳಲ್ಲಿ ಹಾಕಲಾಗಿದೆ. ದೇಶ ಹೆಚ್ಚು ಉತ್ಪಾದಿಸಿದ್ದೂ, ಉತ್ಪಾದಿಸಿದ್ದರ ಬೆಲೆ ಏರಿದ್ದೂ ಅದರಲ್ಲಿ ಬೆರೆತುಹೋಗಿವೆ. ಎರಡನೆಯದು ಬೆಲೆಗಳನ್ನು ಒಂದು ವರ್ಷದ ಮಟ್ಟದಲ್ಲಿ ನಿಲ್ಲಿಸಿ, ಸರಕು ಮತ್ತು ಸೇವೆಗಳ ಪ್ರಮಾಣ ಎಷ್ಟು ಹೆಚ್ಚಿತು ಎಂಬುದನ್ನಷ್ಟೇ ಅಳೆಯುತ್ತದೆ. ಚಾಲ್ತಿ ಬೆಲೆಯಲ್ಲಿ ವರ್ಷಕ್ಕೆ ಸರಾಸರಿ ಶೇ 9ರ ಹತ್ತಿರ ಕಾಣುವ ಏರಿಕೆ ಹೀಗೆ ಸೋಸಿದ ಮೇಲೆ ಶೇ 3.8ರ ಆಸುಪಾಸಿಗೆ ಇಳಿಯುತ್ತದೆ. ಅದನ್ನು ಕಳಪೆ ಎನ್ನಲಾಗದು. ಆ ಅವಧಿಯೊಳಗೆ ಕೋವಿಡ್ ವರ್ಷವೂ ಇದೆ. 2019-20ರಲ್ಲಿ 94 ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ಸ್ಥಿರ ಬೆಲೆಯ ತಲಾ ಆದಾಯ ಮರುವರ್ಷ 86 ಸಾವಿರದ ಆಸುಪಾಸಿಗೆ ಕುಸಿದು, ಹಳೆಯ ಮಟ್ಟವನ್ನು ಮತ್ತೆ ಹಿಡಿಯುವುದರಲ್ಲೇ ಸುಮಾರು ಎರಡು ವರ್ಷ ಕಳೆದುಹೋದವು. ಆದರೂ ದುಪ್ಪಟ್ಟಾಗುವುದಕ್ಕೂ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಬೆಳೆಯುವುದಕ್ಕೂ ಇರುವ ಅಂತರ ಸಣ್ಣದಲ್ಲ.

ಚಾಲ್ತಿ ಬೆಲೆ ಮತ್ತು ಸ್ಥಿರ ಬೆಲೆಗಳ ಈ ಗೊಂದಲವನ್ನು ಸ್ವಲ್ಪ ಎಚ್ಚರ ವಹಿಸಿದರೆ ಬಿಡಿಸಿಕೊಳ್ಳಬಹುದು. ಅದಕ್ಕಿಂತ ಕಡಿಮೆ ಚರ್ಚೆಗೆ ಬರುವ ಸಂಗತಿ ಇನ್ನೊಂದಿದೆ. ತಲಾ ಉತ್ಪನ್ನವೆಂಬುದು ಒಂದು ಭಿನ್ನರಾಶಿ. ಅಂಶದಲ್ಲಿ ದೇಶದ ಒಟ್ಟು ಉತ್ಪನ್ನವಿದ್ದರೆ ಛೇದದಲ್ಲಿ ಜನಸಂಖ್ಯೆಯಿದೆ. ಕಾರ್ಖಾನೆ, ರಫ್ತು, ಬಂಡವಾಳ, ಸುಧಾರಣೆ ಎಂದು ನಾವು ಆಡುವ ಮಾತೆಲ್ಲ ಅಂಶಕ್ಕೆ ಸೇರಿದ್ದು. ಆದರೆ ಸ್ವಾತಂತ್ರ್ಯಾನಂತರ ಭಾರತದ ತಲಾ ಉತ್ಪನ್ನದ ಬೆಳವಣಿಗೆ ವೇಗ ಪಡೆದುಕೊಂಡದ್ದರಲ್ಲಿ ಛೇದದ ಪಾಲು ಗಣನೀಯವಾಗಿದೆ, ಆ ನೆರವು ಇನ್ನು ಮುಂದೆ ಹಿಂದಿನಷ್ಟು ಸಿಗುವುದಿಲ್ಲ ಎಂಬುದು ಈ ಲೇಖನದ ವಾದ.

ಮೊದಲಿಗೆ ಒಂದು ಸ್ಪಷ್ಟನೆ ಬೇಕು. ನಮ್ಮಲ್ಲಿ ಸರ್ಕಾರ ತಲಾ ಆದಾಯವೆಂದು ಪ್ರಕಟಿಸುವುದು ನಿವ್ವಳ ರಾಷ್ಟ್ರೀಯ ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿದ ಮೊತ್ತವನ್ನು. ಯಂತ್ರ, ಕಟ್ಟಡಗಳ ಸವಕಳಿಯನ್ನೂ ವಿದೇಶಗಳಿಗೆ ಹೋಗುವ ನಿವ್ವಳ ಆದಾಯವನ್ನೂ ಅದರಲ್ಲಿ ಕಳೆದಿರುತ್ತಾರೆ. ವಿಶ್ವಬ್ಯಾಂಕ್ ಮತ್ತು ಐಎಂಎಫ್ ಪಟ್ಟಿಗಳಲ್ಲಿ ಕಾಣುವ ತಲಾ ಜಿಡಿಪಿ ಇದಕ್ಕಿಂತ ಒಂದಿಷ್ಟು ದೊಡ್ಡದಿರುತ್ತದೆ. ದೀರ್ಘಕಾಲದ ಹಾದಿಯನ್ನು ನೋಡುವಾಗ ಎರಡೂ ಒಟ್ಟೊಟ್ಟಿಗೇ ಸಾಗುತ್ತವೆಯಾದ್ದರಿಂದ ಇಲ್ಲಿ ಈ ಭೇದವನ್ನು ಬೆಳೆಸುವ ಅಗತ್ಯವಿಲ್ಲ.

ಭಾರತದಲ್ಲಿ ಈ ಲೆಕ್ಕವನ್ನು ಗಂಭೀರವಾಗಿ ಶುರುಮಾಡಿದವರು ದಾದಾಭಾಯಿ ನವರೋಜಿ. 1867-68ಕ್ಕೆ ಅವರು ಕಟ್ಟಿದ ಅಂದಾಜು ತಲೆಗೆ ವರ್ಷಕ್ಕೆ 20 ರೂಪಾಯಿ. ಪ್ರಾಂತ್ಯವಾರು ಬೆಳೆಯ ವಿಸ್ತೀರ್ಣ, ಇಳುವರಿ, ಬೆಲೆಗಳಿಂದ ಉತ್ಪಾದನೆಯನ್ನು ಅಂದಾಜಿಸಿ, ಬ್ರಿಟಿಷ್ ಸರ್ಕಾರ ಜೈಲಿನ ಕೈದಿಗಳ ಊಟ ಬಟ್ಟೆಗೆ ಮಾಡುತ್ತಿದ್ದ ಖರ್ಚಿನ ಪಕ್ಕದಲ್ಲಿ ಅದನ್ನು ಇಟ್ಟು ತೋರಿಸಿದ್ದು ಅವರ ವಾದದ ಮೊನೆಯಾಗಿತ್ತು. ಸಾಮಾನ್ಯ ಪ್ರಜೆಯ ಪಾಲಿಗೆ ಬರುವ ಉತ್ಪನ್ನ ಒಬ್ಬ ಕೈದಿಯ ನಿರ್ವಹಣೆಗೂ ಸಾಲದು ಎಂಬ ಆ ಹೋಲಿಕೆಗೆ ಸರ್ಕಾರದ ಬಳಿ ಸುಲಭದ ಉತ್ತರವಿರಲಿಲ್ಲ. 1901ರಲ್ಲಿ ವೈಸರಾಯ್ ಕರ್ಜನ್ ತಲಾ ಆದಾಯ 30 ರೂಪಾಯಿಗೆ ಏರಿದೆ ಎಂದರೆ, ಅದೇ ಸಮಯಕ್ಕೆ ಬ್ರಿಟಿಷ್ ಲೇಖಕ ವಿಲಿಯಂ ಡಿಗ್ಬಿ ಅದು 20 ರೂಪಾಯಿಗೂ ಕಡಿಮೆ ಎಂದು ವಾದಿಸಿದರು. ತಲಾ ಆದಾಯದ ಅಂಕಿ ಈ ನೆಲದಲ್ಲಿ ಹುಟ್ಟಿದ್ದೇ ಜಗಳದ ನಡುವೆ ಎಂಬುದನ್ನು ನೆನಪಿಟ್ಟುಕೊಂಡರೆ ಇಂದಿನ ಜಗಳಗಳು ಅಷ್ಟೇನೂ ಅಚ್ಚರಿ ಹುಟ್ಟಿಸುವುದಿಲ್ಲ.

ಆಮೇಲೆ ಈ ಕೆಲಸಕ್ಕೆ ಶಾಸ್ತ್ರೀಯ ಅಚ್ಚುಕಟ್ಟುತನ ತಂದವರು ವಿ.ಕೆ.ಆರ್.ವಿ. ರಾವ್. ಕೃಷಿ, ಗಣಿ, ಉದ್ಯಮಗಳಿಗೆ ಉತ್ಪಾದನೆಯ ಲೆಕ್ಕವನ್ನೂ ಸೇವೆ, ವೃತ್ತಿಗಳಿಗೆ ಆದಾಯದ ಲೆಕ್ಕವನ್ನೂ ಜೋಡಿಸಿ ಅವರು 1931-32ಕ್ಕೆ ಕೊಟ್ಟ ಅಂದಾಜು 62 ರೂಪಾಯಿ. 1949ರಲ್ಲಿ ಪಿ.ಸಿ. ಮಹಲನೋಬಿಸ್ ಅಧ್ಯಕ್ಷತೆಯಲ್ಲಿ ರಚನೆಯಾದ ರಾಷ್ಟ್ರೀಯ ಆದಾಯ ಸಮಿತಿಯಲ್ಲಿ ಡಿ.ಆರ್. ಗಾಡ್ಗೀಳ್ ಅವರ ಜೊತೆಗೆ ರಾವ್ ಕೂಡ ಸದಸ್ಯರಾಗಿದ್ದರು. ಇಂದಿನ ನಮ್ಮ ರಾಷ್ಟ್ರೀಯ ಲೆಕ್ಕಪತ್ರಗಳ ಬೇರು ಆ ಸಮಿತಿಯ ವರದಿಗಳಲ್ಲಿದೆ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು, ಅಂದರೆ ಐಸೆಕ್ ಅನ್ನು, 1972ರಲ್ಲಿ ಕಟ್ಟಿದವರೂ ಇವರೇ.

ಇಪ್ಪತ್ತು, ಮೂವತ್ತು, ಅರವತ್ತೆರಡು ಎಂಬ ಈ ರೂಪಾಯಿಗಳನ್ನು ಒಂದರ ಪಕ್ಕ ಒಂದಿಟ್ಟು ಏರಿಕೆ ಎನ್ನುವಂತಿಲ್ಲ, ಏಕೆಂದರೆ ಪ್ರತಿಯೊಂದೂ ಬೇರೆ ವಿಧಾನದ್ದು, ಬೇರೆ ಬೆಲೆಗಳದ್ದು. ಶತಮಾನಗಳ ಹಾದಿಯನ್ನು ಒಂದೇ ಅಳತೆಗೋಲಿನಲ್ಲಿ ಕಾಣಲು ಆರ್ಥಿಕ ಇತಿಹಾಸಕಾರರು ಬಹುಕಾಲ ಆತುಕೊಂಡದ್ದು ಆಂಗಸ್ ಮ್ಯಾಡಿಸನ್ ಅವರ ಅಂದಾಜುಗಳನ್ನು. 1990ರ ಅಂತರರಾಷ್ಟ್ರೀಯ ಡಾಲರ್‌ಗಳಲ್ಲಿ, ಅಂದರೆ ದೇಶದೇಶಗಳ ನಡುವಿನ ಬೆಲೆ ವ್ಯತ್ಯಾಸವನ್ನು ಸರಿದೂಗಿಸಿದ ಡಾಲರ್‌ಗಳಲ್ಲಿ, ಅವರು ಹಾಕಿದ ಲೆಕ್ಕದಂತೆ ಭಾರತದ ತಲಾ ಉತ್ಪನ್ನ 1820ರಲ್ಲಿ 533, 1870ರಲ್ಲೂ 533, 1913ರಲ್ಲಿ 673, 1950ರಲ್ಲಿ 619. ಇಷ್ಟು ಹಿಂದಿನ ಕಾಲದ ಅಂಕಿಗಳಲ್ಲಿ ಊಹೆಯ ಅಂಶ ಸಾಕಷ್ಟಿದೆ. ಕೊನೆಯ ಅಂಕಿಯವರೆಗೂ ಅವನ್ನು ನಂಬಬೇಕಿಲ್ಲ. ಆದರೆ ರೇಖೆಯ ಆಕಾರದ ಬಗ್ಗೆ ದೊಡ್ಡ ತಕರಾರಿಲ್ಲ. ಬ್ರಿಟನ್ನಿನ ತಲಾ ಉತ್ಪನ್ನ 1820ರಿಂದ 1950ರ ನಡುವೆ ನಾಲ್ಕು ಪಟ್ಟಾದಾಗ ಭಾರತದ್ದು ಬಹುತೇಕ ನಿಂತಲ್ಲೇ ನಿಂತಿತ್ತು. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಒಟ್ಟು ಉತ್ಪನ್ನ ವರ್ಷಕ್ಕೆ ಶೇ 1ರ ಆಸುಪಾಸಿನಲ್ಲಿ ಬೆಳೆದರೆ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಬೆಳೆದು, ತಲಾ ಬೆಳವಣಿಗೆ ಶೂನ್ಯಕ್ಕೆ ಅಂಟಿಕೊಂಡಿತು.

ಸ್ವಾತಂತ್ರ್ಯದ ನಂತರದ ಮೂರು ದಶಕಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1950ರಿಂದ 1980ರವರೆಗೆ ಒಟ್ಟು ಉತ್ಪನ್ನ ವರ್ಷಕ್ಕೆ ಸರಾಸರಿ ಶೇ 3.5ರಷ್ಟು ಬೆಳೆಯಿತು. ವಸಾಹತು ಕಾಲದ ವೇಗಕ್ಕೆ ಇದು ಮೂರು ಪಟ್ಟಿಗೂ ಹೆಚ್ಚು, ಆದರೆ ಇದೇ ವೇಗವನ್ನು ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ ವ್ಯಂಗ್ಯವಾಗಿ ‘ಹಿಂದೂ ಬೆಳವಣಿಗೆ ದರ’ ಎಂದು ಕರೆದರು. ವ್ಯಂಗ್ಯ ಹುಟ್ಟಿದ್ದು ಛೇದದಿಂದ. ಮಲೇರಿಯಾ, ಸಿಡುಬುಗಳ ಹತೋಟಿಯಿಂದ ಮರಣ ಪ್ರಮಾಣ ಬೇಗ ಇಳಿಯಿತು, ಜನನ ಪ್ರಮಾಣ ಅಷ್ಟು ಬೇಗ ಇಳಿಯಲಿಲ್ಲ. 1951ರಲ್ಲಿ 36 ಕೋಟಿ ಇದ್ದ ಜನಸಂಖ್ಯೆ 1981ಕ್ಕೆ 68 ಕೋಟಿ ದಾಟಿತು. ವರ್ಷಕ್ಕೆ ಶೇ 2.2ರಂತೆ ಹಿಗ್ಗುತ್ತಿದ್ದ ಈ ಛೇದವನ್ನು ಕಳೆದರೆ ತಲೆಗೆ ಉಳಿಯುತ್ತಿದ್ದುದು ಶೇ 1.3. ಈ ವೇಗದಲ್ಲಿ ಆದಾಯ ದುಪ್ಪಟ್ಟಾಗಲು ಐವತ್ತಕ್ಕೂ ಹೆಚ್ಚು ವರ್ಷ ಬೇಕು. ನೆಹರೂ ಕಾಲದ ಯೋಜನೆಗಳನ್ನು ಹೊಗಳುವವರೂ ತೆಗಳುವವರೂ ಸಾಮಾನ್ಯವಾಗಿ ಉಕ್ಕಿನ ಕಾರ್ಖಾನೆ ಮತ್ತು ಲೈಸೆನ್ಸುಗಳ ಸುತ್ತ ಸುತ್ತುತ್ತಾರೆ. ಜನ ಸಾಯುವುದು ಕಡಿಮೆಯಾದದ್ದೇ ತಲಾ ಆದಾಯದ ರೇಖೆಯನ್ನು ಕೆಳಗೆ ಎಳೆಯಿತು ಎಂಬ ವಿಚಿತ್ರ ಸತ್ಯ ಇಬ್ಬರ ಲೆಕ್ಕಕ್ಕೂ ಬರುವುದಿಲ್ಲ.

ರೇಖೆ ತಿರುಗಿದ್ದು ಯಾವಾಗ? ಸಾರ್ವಜನಿಕ ನೆನಪಿನಲ್ಲಿ ಉತ್ತರ 1991. ಅಂಕಿಗಳು ಅಷ್ಟು ನಿಸ್ಸಂದಿಗ್ಧವಾಗಿಲ್ಲ. 1979-80ರ ಬರ ಮತ್ತು ತೈಲ ಬಿಕ್ಕಟ್ಟಿನಲ್ಲಿ ಉತ್ಪನ್ನ ಸುಮಾರು ಶೇ 5ರಷ್ಟು ಕುಗ್ಗಿತ್ತು; ಅಲ್ಲಿಂದ 2020-21ರವರೆಗೆ ಒಟ್ಟು ಉತ್ಪನ್ನ ಕುಗ್ಗಿದ ಇನ್ನೊಂದು ವರ್ಷ ಬರಲಿಲ್ಲ. 1980ರ ದಶಕದಲ್ಲೇ ಬೆಳವಣಿಗೆ ಶೇ 5 ದಾಟಿ, ತಲಾ ಬೆಳವಣಿಗೆ ಶೇ 3ರ ಮೇಲಕ್ಕೆ ಹೋಯಿತು. ತಿರುವು 1980ರ ಸುಮಾರಿಗೇ ಬಂದಿತ್ತು, ಆಗಿನ ಸರ್ಕಾರಗಳು ಉದ್ಯಮದ ಕಡೆ ತೋರಿದ ಬದಲಾದ ಧೋರಣೆ ಅದಕ್ಕೆ ಕಾರಣ ಎಂದು ಅರ್ಥಶಾಸ್ತ್ರಜ್ಞರಾದ ಡ್ಯಾನಿ ರಾಡ್ರಿಕ್ ಮತ್ತು ಅರವಿಂದ ಸುಬ್ರಮಣಿಯನ್ ವಾದಿಸಿದರು. ಆ ದಶಕದ ಬೆಳವಣಿಗೆ ಸಾಲದ ಮೇಲೆ ನಿಂತದ್ದು, ಏರುಪೇರಿನದ್ದು, ಅದು ಕೊನೆಗೊಂಡದ್ದೇ 1991ರ ವಿದೇಶಿ ವಿನಿಮಯ ಬಿಕ್ಕಟ್ಟಿನಲ್ಲಿ ಎಂಬುದು ಅರವಿಂದ ಪನಗರಿಯಾ ಅವರ ಉತ್ತರ. ನನ್ನ ದೃಷ್ಟಿಯಲ್ಲಿ ಎರಡೂ ಕಡೆಯವರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದಾರೆ. ವೇಗ ಹೆಚ್ಚಿದ್ದು 1980ರಲ್ಲಿ. ಹೆಚ್ಚಿದ ವೇಗ ಬೀಳದೆ ಮುಂದುವರಿಯಲು 1991ರ ಸುಧಾರಣೆಗಳು ಬೇಕಾದವು.

ಈಗ ಛೇದವನ್ನು ಮತ್ತೆ ಲೆಕ್ಕಕ್ಕೆ ತರೋಣ. ವಿಶ್ವಬ್ಯಾಂಕ್ ಲೆಕ್ಕದಂತೆ 2000ದಿಂದ 2024ರವರೆಗೆ ಭಾರತದ ಸರಾಸರಿ ಬೆಳವಣಿಗೆ ಶೇ 6.3. ಅದೇ ಅವಧಿಯಲ್ಲಿ ಜನಸಂಖ್ಯೆ ವರ್ಷಕ್ಕೆ ಸರಾಸರಿ ಶೇ 1.3ರ ಆಸುಪಾಸಿನಲ್ಲಿ ಹೆಚ್ಚಿದೆ. ಹೀಗಾಗಿ ತಲಾ ಬೆಳವಣಿಗೆ ಶೇ 5. ಮೊದಲ ಮೂರು ದಶಕಗಳ ಶೇ 1.3ಕ್ಕೆ ಹೋಲಿಸಿದರೆ ವೇಗ ಹೆಚ್ಚಿದ್ದು 3.7 ಶೇಕಡಾ ಬಿಂದುಗಳಷ್ಟು, ಅದರಲ್ಲಿ 2.8 ಬಿಂದುಗಳು ಉತ್ಪನ್ನ ಬೇಗ ಬೆಳೆದದ್ದರಿಂದಲೂ 0.9 ಬಿಂದು ಜನಸಂಖ್ಯೆ ನಿಧಾನಗೊಂಡದ್ದರಿಂದಲೂ ಬಂದಿದೆ. ಅಂದರೆ ನಾಲ್ಕರಲ್ಲಿ ಒಂದು ಪಾಲು ಛೇದದ್ದು. ಇದು ನೇರ ಪಾಲು ಮಾತ್ರ. ಮಕ್ಕಳ ಸಂಖ್ಯೆ ಇಳಿದಾಗ ಒಟ್ಟು ಜನರಲ್ಲಿ ದುಡಿಯುವ ವಯಸ್ಸಿನವರ ಪ್ರಮಾಣ ಏರುತ್ತದೆ, ಅದರಿಂದ ಅಂಶಕ್ಕೂ ನೆರವಾಗುತ್ತದೆ. ಆ ಪರೋಕ್ಷ ಪಾಲನ್ನೂ ಸೇರಿಸಿದರೆ ಛೇದಕ್ಕೆ ಸಲ್ಲಬೇಕಾದ ಶ್ರೇಯ ಇನ್ನಷ್ಟು ಹೆಚ್ಚುತ್ತದೆ.

ಈ ನೆರವು ಎಷ್ಟು ದಿನದ್ದು ಎಂಬುದು ಮುಂದಿನ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 2.0ಕ್ಕೆ ಇಳಿದಿದೆ, ಕರ್ನಾಟಕದಲ್ಲಿ ಅದು 1.7. ಜನಸಂಖ್ಯೆ ಈಗ ವರ್ಷಕ್ಕೆ ಶೇ 1ಕ್ಕೂ ಕಡಿಮೆ ಹೆಚ್ಚುತ್ತಿದೆ. ಶೇ 2.2ರಿಂದ ಶೇ 1ಕ್ಕೆ ಇಳಿದಾಗ ಸಿಕ್ಕಿದ್ದಷ್ಟು ಲಾಭ ಇಲ್ಲಿಂದ ಸೊನ್ನೆಗೆ ಇಳಿದರೂ ಸಿಗುವುದಿಲ್ಲ. ಅದರ ಜೊತೆಗೆ ದುಡಿಯುವ ವಯಸ್ಸಿನವರ ಪ್ರಮಾಣ ಒಂದೆರಡು ದಶಕಗಳಲ್ಲಿ ಶಿಖರ ಮುಟ್ಟಿ ಇಳಿಯತೊಡಗುತ್ತದೆ, ದಕ್ಷಿಣದ ರಾಜ್ಯಗಳಲ್ಲಿ ಇನ್ನೂ ಮೊದಲೇ. ಇನ್ನು ಮುಂದೆ ಭಿನ್ನರಾಶಿ ದೊಡ್ಡದಾಗಬೇಕಿದ್ದರೆ ಪ್ರತಿಯೊಬ್ಬ ದುಡಿಯುವವರು ಹೆಚ್ಚು ಉತ್ಪಾದಿಸಬೇಕು, ಅಥವಾ ದುಡಿಮೆಯ ಹೊರಗಿರುವವರು, ಮುಖ್ಯವಾಗಿ ಮಹಿಳೆಯರು, ಸಂಬಳ ತರುವ ಕೆಲಸಗಳಿಗೆ ಬರಬೇಕು.

ಅಲ್ಲಿಯೇ ತೊಡಕಿರುವುದು. 2023-24ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದ ದುಡಿಯುವವರಲ್ಲಿ ಶೇ 46ರಷ್ಟು ಮಂದಿ ಕೃಷಿಯಲ್ಲಿದ್ದಾರೆ. ಒಟ್ಟು ಮೌಲ್ಯವರ್ಧನೆಯಲ್ಲಿ ಕೃಷಿಯ ಪಾಲು ಶೇ 18ರ ಆಸುಪಾಸು. ಈ ಎರಡು ಅಂಕಿಗಳಿಂದಲೇ ಲೆಕ್ಕ ಹಾಕಿದರೆ ಕೃಷಿಯ ಹೊರಗೆ ದುಡಿಯುವ ಒಬ್ಬರ ಸರಾಸರಿ ಉತ್ಪನ್ನ ಕೃಷಿಯಲ್ಲಿ ದುಡಿಯುವವರದರ ಸುಮಾರು ನಾಲ್ಕು ಪಟ್ಟು. ಹೀಗಿರುವಾಗ ಯಾವ ಹೊಸ ತಂತ್ರಜ್ಞಾನವೂ ಬರದೆ, ಬರಿಯ ಜನ ಹೊಲದಿಂದ ಬೇರೆ ಕೆಲಸಕ್ಕೆ ಹೋದರೂ ತಲಾ ಉತ್ಪನ್ನ ಏರುತ್ತದೆ. ಆದರೆ 2018-19ರಲ್ಲಿ ಶೇ 42.5ರವರೆಗೆ ಇಳಿದಿದ್ದ ಕೃಷಿಯ ಪಾಲು ಕೋವಿಡ್ ಕಾಲದಲ್ಲಿ ಶೇ 46ಕ್ಕೆ ಏರಿದ್ದು 2023-24ರವರೆಗೂ ಅಲ್ಲೇ ನಿಂತಿತ್ತು. ಲಾಕ್‌ಡೌನ್‌ನಲ್ಲಿ ಊರಿಗೆ ಮರಳಿದವರು ನಗರಗಳಿಗೆ ಮತ್ತೆ ಬಂದರೂ ಸಮೀಕ್ಷೆಯ ಅಂಕಿ ಹಳೆಯ ಮಟ್ಟಕ್ಕೆ ಬಂದಿರಲಿಲ್ಲ. 15 ವರ್ಷ ಮೇಲ್ಪಟ್ಟ ಮಹಿಳೆಯರ ದುಡಿಮೆಯ ಪ್ರಮಾಣ 2017-18ರ ಶೇ 23ರಿಂದ 2023-24ಕ್ಕೆ ಶೇ 42ರ ಹತ್ತಿರಕ್ಕೆ ಏರಿರುವುದು ಸಂತೋಷದ ಸುದ್ದಿಯೇ ಸರಿ, ಆದರೆ ಹೊಸದಾಗಿ ಎಣಿಕೆಗೆ ಬಂದವರಲ್ಲಿ ದೊಡ್ಡ ಪಾಲು ಗ್ರಾಮೀಣ ಮಹಿಳೆಯರದು, ಸ್ವಂತ ಜಮೀನಿನ ಕೆಲಸ ಅಥವಾ ಮನೆಯವರ ಕಸುಬಿನಲ್ಲಿ ಸಂಬಳವಿಲ್ಲದ ನೆರವು ಅವರ ದುಡಿಮೆ. ಇವೆರಡು ಅಂಕಿಗಳು ಒಂದನ್ನೊಂದು ವಿವರಿಸುತ್ತವೆ.

ಚೀನಾದ ಜೊತೆಗಿನ ಹೋಲಿಕೆ ಇಲ್ಲಿ ತಪ್ಪಿಸಿಕೊಳ್ಳಲಾಗದ್ದು. ಮ್ಯಾಡಿಸನ್ ಲೆಕ್ಕದಲ್ಲಿ 1950ರ ಚೀನಾದ ತಲಾ ಉತ್ಪನ್ನ 450 ಡಾಲರನ್ನೂ ಮುಟ್ಟಿರಲಿಲ್ಲ, ಅಂದರೆ ಭಾರತಕ್ಕಿಂತ ಹಿಂದಿತ್ತು. 1990ರಲ್ಲಿ ಎರಡೂ ದೇಶಗಳು, ವಿನಿಮಯ ದರದ ಮಾಮೂಲು ಡಾಲರ್ ಲೆಕ್ಕದಲ್ಲಿ, ಮುನ್ನೂರು ನಾನ್ನೂರರ ನಡುವೆ ಅಕ್ಕಪಕ್ಕದಲ್ಲಿದ್ದವು. 2024ರಲ್ಲಿ ಚೀನಾ 13 ಸಾವಿರ ದಾಟಿದೆ, ಭಾರತ 2,700ರ ಆಸುಪಾಸಿನಲ್ಲಿದೆ. ಅಂಶದ ಕಡೆ ಚೀನಾ ಮಾಡಿದ ದೊಡ್ಡ ಕೆಲಸವೆಂದರೆ 1990ರ ದಶಕದ ಆರಂಭದಲ್ಲಿ ಭಾರತದಂತೆಯೇ ಶೇ 60ರಷ್ಟಿದ್ದ ಕೃಷಿ ಕಾರ್ಮಿಕರ ಪಾಲನ್ನು ನಾಲ್ಕನೇ ಒಂದು ಪಾಲಿಗಿಂತಲೂ ಕೆಳಕ್ಕೆ ಇಳಿಸಿದ್ದು. ಹೊಲ ಬಿಟ್ಟವರಲ್ಲಿ ಕೋಟ್ಯಂತರ ಮಂದಿಯನ್ನು ಕಾರ್ಖಾನೆಗಳು ತೆಗೆದುಕೊಂಡವು. ನಮ್ಮಲ್ಲಿ ಹೊಲ ಬಿಟ್ಟವರನ್ನು ಹೆಚ್ಚಾಗಿ ತೆಗೆದುಕೊಂಡದ್ದು ಕಟ್ಟಡ ಕಾಮಗಾರಿ ಮತ್ತು ಸಣ್ಣ ವ್ಯಾಪಾರ. ತಯಾರಿಕಾ ವಲಯದ ಪಾಲು ಹಲವು ದಶಕಗಳಿಂದ ಜಿಡಿಪಿಯ ಶೇ 15-17ರ ನಡುವೆ ಅಲುಗಾಡದೆ ಕುಳಿತಿದೆ.

ಡಾಲರ್ ಲೆಕ್ಕದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಅಗತ್ಯ. 1991ರ ಜುಲೈ 1 ಮತ್ತು 3ರಂದು ಎರಡು ಕಂತುಗಳಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಿದಾಗ ಭಾರತದ ತಲಾ ಜಿಡಿಪಿ 370 ಡಾಲರಿನ ಸುತ್ತಮುತ್ತಲಿನಿಂದ 300ರ ಆಸುಪಾಸಿಗೆ ಜಾರಿತು. ಆ ವರ್ಷ ದೇಶದ ಉತ್ಪನ್ನ ಅಲ್ಪಸ್ವಲ್ಪ ಬೆಳೆದೇ ಇತ್ತು. ಐದರಲ್ಲಿ ಒಂದು ಪಾಲು ಬಡವರಾದಂತೆ ಕಂಡದ್ದು ವಿನಿಮಯ ದರದ ಕಣ್ಣಿನಲ್ಲಿ ಮಾತ್ರ. 2020ರ ಅಕ್ಟೋಬರ್‌ನಲ್ಲಿ ಐಎಂಎಫ್ ಆ ವರ್ಷದ ಅಂದಾಜು ಪ್ರಕಟಿಸಿ ಬಾಂಗ್ಲಾದೇಶಕ್ಕೆ 1,888, ಭಾರತಕ್ಕೆ 1,877 ಡಾಲರ್ ಎಂದಾಗ ಎದ್ದ ಗದ್ದಲವೂ ಬಹುಮಟ್ಟಿಗೆ ಇದೇ ಜಾತಿಯದು. ಬಾಂಗ್ಲಾದೇಶ ಅಂತರವನ್ನು ಬೇಗ ತುಂಬಿಕೊಂಡದ್ದು ನಿಜ, ಆದರೆ ಹನ್ನೊಂದು ಡಾಲರುಗಳ ಆ ಮುನ್ನಡೆ ಸ್ಥಳೀಯ ಬೆಲೆಗಳನ್ನು ಗಣಿಸುವ ಖರೀದಿ ಸಾಮರ್ಥ್ಯದ ಲೆಕ್ಕದಲ್ಲಿ ಆಗಲೂ ಇರಲಿಲ್ಲ. ಆ ಲೆಕ್ಕದಲ್ಲಿ ಇಂದು ಭಾರತದ ತಲಾ ಉತ್ಪನ್ನ 10 ಸಾವಿರ ಅಂತರರಾಷ್ಟ್ರೀಯ ಡಾಲರ್ ದಾಟಿದೆ. ಹುಬ್ಬಳ್ಳಿಯಲ್ಲಿ ಊಟಕ್ಕೂ ಕ್ಷೌರಕ್ಕೂ ಬಾಡಿಗೆಗೂ ಕೊಡುವ ಹಣ ನ್ಯೂಯಾರ್ಕಿನದಕ್ಕಿಂತ ಕಡಿಮೆ ಎಂಬುದನ್ನು ಅದು ಒಪ್ಪಿಕೊಳ್ಳುತ್ತದೆ. ಆದರೆ ಕಚ್ಚಾತೈಲ, ಕಂಪ್ಯೂಟರ್ ಚಿಪ್, ವಿಮಾನದ ಬಿಡಿಭಾಗಗಳನ್ನು ಕೊಳ್ಳುವಾಗ ಯಾರೂ ಆ ದರದಲ್ಲಿ ಕೊಡುವುದಿಲ್ಲ. ಜೀವನಮಟ್ಟವನ್ನು ಹೋಲಿಸಲು ಒಂದು, ಜಾಗತಿಕ ಮಾರುಕಟ್ಟೆಯಲ್ಲಿನ ಶಕ್ತಿಯನ್ನು ಹೋಲಿಸಲು ಇನ್ನೊಂದು. ಒಂದೇ ದೇಶದ ಕಾಲಾಂತರದ ಹಾದಿಗೆ ಸ್ಥಿರ ಬೆಲೆಯ ರೂಪಾಯಿಯೇ ಸಾಕು.

ಆ ರೂಪಾಯಿಯ ಸರಣಿಯೂ ತಕರಾರಿಲ್ಲದ್ದೇನಲ್ಲ. 2015ರ ಜನವರಿಯಲ್ಲಿ ಆಧಾರ ವರ್ಷವನ್ನು 2011-12ಕ್ಕೆ ಬದಲಿಸಿ, ಕಂಪನಿಗಳ ಲೆಕ್ಕಪತ್ರಗಳನ್ನು ವ್ಯಾಪಕವಾಗಿ ಬಳಸುವ ಹೊಸ ವಿಧಾನ ಜಾರಿಗೆ ಬಂದಾಗ 2013-14ರ ಬೆಳವಣಿಗೆ ರಾತ್ರೋರಾತ್ರಿ ಶೇ 4.7ರಿಂದ ಶೇ 6.9ಕ್ಕೆ ಏರಿತು. ಮುಖ್ಯ ಆರ್ಥಿಕ ಸಲಹೆಗಾರರ ಹುದ್ದೆ ಬಿಟ್ಟ ಮೇಲೆ ಅರವಿಂದ ಸುಬ್ರಮಣಿಯನ್ 2019ರಲ್ಲಿ, 2011-12ರಿಂದ 2016-17ರ ನಡುವಿನ ನಿಜವಾದ ಬೆಳವಣಿಗೆ ಶೇ 7ರ ಬದಲು ಶೇ 4.5ರ ಆಸುಪಾಸಿನಲ್ಲಿತ್ತು ಎಂದು ವಾದಿಸಿದರು. ಸರ್ಕಾರ ಅದನ್ನು ಒಪ್ಪಲಿಲ್ಲ, ಅವರ ವಿಧಾನವನ್ನು ಹಲವು ಅರ್ಥಶಾಸ್ತ್ರಜ್ಞರೂ ಪ್ರಶ್ನಿಸಿದರು. ಇಡೀ ವಾದದ ಕೇಂದ್ರದಲ್ಲಿರುವುದು ಅಸಂಘಟಿತ ವಲಯ. ಸಣ್ಣ ಅಂಗಡಿ, ಗ್ಯಾರೇಜು, ಮನೆಯೊಳಗಿನ ಮಗ್ಗಗಳ ಉತ್ಪನ್ನವನ್ನು ಪ್ರತಿವರ್ಷ ಅಳೆಯುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ಸಂಘಟಿತ ವಲಯದ ಏರಿಳಿತವನ್ನೇ ಅವುಗಳಿಗೂ ಅನ್ವಯಿಸಲಾಗುತ್ತಿತ್ತು. ನೋಟು ರದ್ದತಿಯಂತಹ ಪೆಟ್ಟು ಸಣ್ಣವರಿಗೆ ಹೆಚ್ಚು ಬಿದ್ದಾಗ ಈ ಊಹೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸರಾಸರಿಯ ಹಣ ಮನೆಯ ಬಾಗಿಲಿಗೆ ಎಷ್ಟು ತಲುಪುತ್ತದೆ ಎಂಬುದು ಬೇರೆಯದೇ ಲೆಕ್ಕ. 2023-24ರಲ್ಲಿ ಚಾಲ್ತಿ ಬೆಲೆಯ ಜಿಡಿಪಿ 301 ಲಕ್ಷ ಕೋಟಿ ರೂಪಾಯಿ. ತಲೆಗೆ ತಿಂಗಳಿಗೆ ಸುಮಾರು 18 ಸಾವಿರ. ಅದೇ ವರ್ಷದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ತಲಾ ಮಾಸಿಕ ಖರ್ಚು ಗ್ರಾಮಗಳಲ್ಲಿ 4,122, ನಗರಗಳಲ್ಲಿ 6,996 ರೂಪಾಯಿ. ನಡುವಿನ ಹಣ ಎಲ್ಲಿಗೋ ಮಾಯವಾಗಿಲ್ಲ. ಹೂಡಿಕೆ, ಸರ್ಕಾರದ ವೆಚ್ಚ, ಕಂಪನಿಗಳಲ್ಲೇ ಉಳಿದ ಲಾಭ, ಉಳಿತಾಯ ಎಲ್ಲವೂ ಆ ಹದಿನೆಂಟು ಸಾವಿರದಲ್ಲಿ ಸೇರಿವೆ. ಶ್ರೀಮಂತ ಮನೆಗಳ ಖರ್ಚನ್ನು ಸಮೀಕ್ಷೆಗಳು ಪೂರ್ತಿಯಾಗಿ ಹಿಡಿಯುವುದಿಲ್ಲ ಎಂಬ ಹಳೆಯ ಸಮಸ್ಯೆಯೂ ಇದೆ. ಆದರೂ ತಲಾ ಆದಾಯ ಎರಡು ಲಕ್ಷ ದಾಟಿತೆಂದು ಓದಿದ ನಾಲ್ಕು ಜನರ ಕುಟುಂಬವೊಂದು ತನ್ನ ಪಾಲಿನ ಎಂಟು ಲಕ್ಷ ಎಲ್ಲಿ ಎಂದು ಕೇಳಿದರೆ ಅದು ಅಸಂಬದ್ಧ ಪ್ರಶ್ನೆಯಲ್ಲ.

ಉತ್ಪನ್ನ ಎಲ್ಲಿ ದಾಖಲಾಗುತ್ತದೆ ಎಂಬುದೂ ಮುಖ್ಯ. 2015ರಲ್ಲಿ ಐರ್ಲೆಂಡಿನ ಜಿಡಿಪಿ ಒಂದೇ ವರ್ಷದಲ್ಲಿ ಶೇ 26ರಷ್ಟು ಬೆಳೆದಿದೆ ಎಂದು ಪ್ರಕಟವಾದಾಗ ಐರಿಷರೇ ನಕ್ಕರು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಬೌದ್ಧಿಕ ಸ್ವತ್ತನ್ನು ಕಾಗದದ ಮೇಲೆ ಅಲ್ಲಿಗೆ ಸ್ಥಳಾಂತರಿಸಿದ್ದವು, ಜನರ ಜೇಬಿಗೆ ಅದರಿಂದ ಬಂದದ್ದು ಕಡಿಮೆ. ಕೊನೆಗೆ ಆ ದೇಶ ತನಗಾಗಿ ಬೇರೆಯದೇ ಒಂದು ಅಳತೆಯನ್ನು ರೂಪಿಸಿಕೊಂಡಿತು. ಕರ್ನಾಟಕದ ಸ್ಥಿತಿ ಅಷ್ಟು ಕೃತಕವಲ್ಲ, ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬೆಂಗಳೂರಿನಲ್ಲೇ ನಡೆಯುತ್ತದೆ. ಆದರೆ ಸರಾಸರಿಯ ತೊಂದರೆ ಇಲ್ಲೂ ಇದೆ. ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕರ್ನಾಟಕದ ತಲಾ ಆದಾಯ ರಾಷ್ಟ್ರೀಯ ಸರಾಸರಿಯ ಶೇ 180. 1991ಕ್ಕೆ ಮುನ್ನ ದಕ್ಷಿಣದ ಯಾವ ರಾಜ್ಯವೂ ಹೀಗೆ ಎದ್ದು ಕಾಣುತ್ತಿರಲಿಲ್ಲ. ಪಶ್ಚಿಮ ಬಂಗಾಳ ಇದೇ ಪಟ್ಟಿಯಲ್ಲಿ 1960-61ರ ಶೇ 127ರಿಂದ ಶೇ 84ಕ್ಕೆ ಇಳಿದಿದೆ. ಕರ್ನಾಟಕದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ ಆಗಿದ್ದು, ತಲಾ ಉತ್ಪನ್ನದಲ್ಲಿ ಆ ಜಿಲ್ಲೆ ಕಲಬುರಗಿಗಿಂತ ಹಲವು ಪಟ್ಟು ಮುಂದಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದಾಗ ತಲಾ ಆದಾಯವೊಂದನ್ನೇ ನೆಚ್ಚದೆ ಹಲವು ಸೂಚಕಗಳನ್ನು ಸೇರಿಸಿದ್ದು ವಿವೇಕದ ಕೆಲಸ.

ಈ ಸರಾಸರಿಗೆ ರಾಜ್ಯ ತೆರುವ ಬೆಲೆ ನಿರ್ದಿಷ್ಟವಾದದ್ದು. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಾಗ 15ನೇ ಹಣಕಾಸು ಆಯೋಗ ‘ಆದಾಯ ಅಂತರ’ಕ್ಕೆ ಶೇ 45ರಷ್ಟು ತೂಕ ಕೊಟ್ಟಿತು, ತಲಾ ಉತ್ಪನ್ನ ಹೆಚ್ಚಿದಷ್ಟೂ ಪಾಲು ಕಡಿಮೆ. 14ನೇ ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು 3.647ಕ್ಕೆ ಇಳಿಯಿತು. ಬಡ ರಾಜ್ಯಕ್ಕೆ ಹೆಚ್ಚು ಕೊಡುವ ತತ್ವವನ್ನು ನಾನು ಪ್ರಶ್ನಿಸುತ್ತಿಲ್ಲ; ಬಿಹಾರದ ತಲಾ ಆದಾಯ ರಾಷ್ಟ್ರೀಯ ಸರಾಸರಿಯ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರುವಾಗ ಅದು ನ್ಯಾಯವೂ ಹೌದು. ಆದರೆ ಸೂತ್ರಕ್ಕೆ ಕಾಣುವುದು ರಾಜ್ಯದ ಒಂದೇ ಅಂಕಿ. ವೈಟ್‌ಫೀಲ್ಡಿನ ಉತ್ಪನ್ನ ಏರಿದಾಗ ಯಾದಗಿರಿಯ ಶಾಲೆಗೂ ಸಲ್ಲಬಹುದಾಗಿದ್ದ ಕೇಂದ್ರದ ಪಾಲು ಇಳಿಯುತ್ತದೆ. ಆ ನಷ್ಟವನ್ನು ರಾಜ್ಯ ತನ್ನೊಳಗೇ ತುಂಬಿಕೊಡಬೇಕು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೂ ಅದು ಸಮರ್ಪಕವಾಗಿ ಆಗಿದೆ ಎನ್ನುವುದು ಕಷ್ಟ.

2047ಕ್ಕೆ ಅಭಿವೃದ್ಧಿ ಹೊಂದಿದ ದೇಶವಾಗುವ ಗುರಿಯನ್ನೂ ಕೊನೆಗೆ ಅಳೆಯುವುದು ತಲಾ ಆದಾಯದಿಂದಲೇ. ವಿಶ್ವಬ್ಯಾಂಕ್ ಹೆಚ್ಚಿನ ಆದಾಯದ ದೇಶಕ್ಕೆ ಇಟ್ಟಿರುವ ಗಡಿ ಸದ್ಯ 14 ಸಾವಿರ ಡಾಲರಿನ ಆಸುಪಾಸಿನಲ್ಲಿದ್ದು, ಹಣದುಬ್ಬರಕ್ಕೆ ತಕ್ಕಂತೆ ವರ್ಷವರ್ಷವೂ ಸರಿಹೊಂದುತ್ತದೆ. 2,700ರಿಂದ ಅಲ್ಲಿಗೆ ಹೋಗಲು ತಲಾ ಆದಾಯ ಐದು ಪಟ್ಟಿಗಿಂತ ಹೆಚ್ಚಾಗಬೇಕು, ಅಂದರೆ ಹಣದುಬ್ಬರ ಕಳೆದು ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚು ತಲಾ ಬೆಳವಣಿಗೆ, ಎರಡು ದಶಕಕ್ಕೂ ಮೇಲ್ಪಟ್ಟು, ಬಿಡುವಿಲ್ಲದೆ. 2025ರ ಫೆಬ್ರುವರಿಯ ವರದಿಯಲ್ಲಿ ವಿಶ್ವಬ್ಯಾಂಕ್ ಇದಕ್ಕೆ ಬೇಕೆಂದ ಸರಾಸರಿ ಜಿಡಿಪಿ ಬೆಳವಣಿಗೆ ಶೇ 7.8. ಕಳೆದ ಎರಡು ದಶಕಗಳ ಶೇ 6.3ಕ್ಕಿಂತ ಇದು ಒಂದೂವರೆ ಶೇಕಡಾ ಬಿಂದು ಹೆಚ್ಚು, ಅದೂ ದುಡಿಯುವ ವಯಸ್ಸಿನವರ ಪ್ರಮಾಣ ಏರುವುದು ನಿಲ್ಲುವ ಹೊತ್ತಿನಲ್ಲಿ. ಕೃಷಿಯ ಹೊರಗಿನ ಕೆಲಸಗಳು ಈಗಿನ ವೇಗದಲ್ಲೇ ಸೃಷ್ಟಿಯಾದರೆ ಆ ಗಡಿ 2047ರ ಆಚೆಗೇ ಉಳಿಯುತ್ತದೆ ಎಂದು ನನಗನ್ನಿಸುತ್ತದೆ.

ಅದಕ್ಕೂ ಮೊದಲು ಛೇದವೇ ಬದಲಾಗಲಿದೆ. 2011ರ ನಂತರ ದೇಶದಲ್ಲಿ ಜನಗಣತಿ ನಡೆದಿಲ್ಲ. 2021ರಲ್ಲಿ ಆಗಬೇಕಿದ್ದುದು ಮುಂದಕ್ಕೆ ಹೋಗುತ್ತಾ, 2025ರ ಜೂನ್‌ನಲ್ಲಿ ಹೊರಬಿದ್ದ ಅಧಿಸೂಚನೆಯಂತೆ 2027ರ ಮಾರ್ಚ್ 1ನ್ನು ಗಣತಿಯ ದಿನವೆಂದು ಗೊತ್ತುಮಾಡಲಾಯಿತು. ಇಷ್ಟು ವರ್ಷವೂ ಪ್ರಕಟವಾದ ತಲಾ ಆದಾಯಗಳೆಲ್ಲ 2011ರವರೆಗಿನ ಪ್ರವೃತ್ತಿಗಳನ್ನು ಮುಂದಕ್ಕೆ ಎಳೆದು ಪಡೆದ ಜನಸಂಖ್ಯೆಯ ಅಂದಾಜಿನಿಂದ ಭಾಗಿಸಿದವು. ಈ ಅಂದಾಜು ಶೇ 1ರಷ್ಟು ತಪ್ಪಿದ್ದರೂ ರಾಷ್ಟ್ರೀಯ ತಲಾ ಆದಾಯ 2,000 ರೂಪಾಯಿ ಅತ್ತಿತ್ತ ಆಗುತ್ತದೆ. ರಾಜ್ಯಗಳ ಮಟ್ಟದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದಿರಬಹುದು. 2011ರ ಈಚೆಗೆ ಬಿಹಾರ, ಉತ್ತರ ಪ್ರದೇಶ, ಒಡಿಶಾ, ಅಸ್ಸಾಮಿನಿಂದ ಬೆಂಗಳೂರಿಗೆ ಬಂದು ನೆಲೆಸಿದವರ ದುಡಿಮೆ ಕರ್ನಾಟಕದ ಅಂಶದಲ್ಲಿ ಈಗಾಗಲೇ ಸೇರಿದೆ. ಹಳೆಯ ಪ್ರವೃತ್ತಿಗಿಂತ ವಲಸೆ ಹೆಚ್ಚಾಗಿದ್ದ ಪಕ್ಷದಲ್ಲಿ, ಅವರಲ್ಲಿ ಒಂದಿಷ್ಟು ಮಂದಿ ಲೆಕ್ಕದ ಪುಸ್ತಕದಲ್ಲಿ ಇನ್ನೂ ತವರು ರಾಜ್ಯದ ಛೇದದಲ್ಲೇ ಇದ್ದಾರೆ. ಗಣತಿದಾರರು ಅವರನ್ನು ಇಲ್ಲಿ ಎಣಿಸಿದ ದಿನ, ಒಂದು ರೂಪಾಯಿಯ ಉತ್ಪನ್ನವೂ ಕಡಿಮೆಯಾಗದೆ ಕರ್ನಾಟಕದ ತಲಾ ಆದಾಯ ಇಳಿಯುತ್ತದೆ, ಬಿಹಾರದ್ದು ಏರುತ್ತದೆ, ಮುಂದಿನ ಹಣಕಾಸು ಆಯೋಗದ ಕೈಗೆ ಹೋಗುವ ಅಂಕಿಗಳು ಅವೇ ಆಗಿರುತ್ತವೆ.